ಬಾಗಿಲಿಗೆ ಹಾಕಿದ ಅಡ್ಡಪಟ್ಟಿ

ಬಲಗೈಯ ಎರಡು ಬೆರಳು ಹೋದ ಮೇಲೆ ಅವನನ್ನು ನೆಲ ಕೊರೆಯುವ ರಿಗ್ಗಿನ ಕೆಲಸದಿಂದ ತೆಗೆದರು. ಅದೇ ಜಾಗಕ್ಕೆ ಅವನ ಹೆಂಡತಿಯನ್ನು ಅರ್ಧ ಸಂಬಳಕ್ಕೆ ತೆಗೆದುಕೊಂಡರು. ಮನೆಯಿಂದ ಯಾರೂ ಬರದಿದ್ದರೆ ಕಂಪನಿ ಕೊಟ್ಟ ಮನೆ ಖಾಲಿ ಮಾಡಬೇಕು ಎಂದರು.

ಹೇಳಲು ಬಂದವನು ಮೇಸ್ತ್ರಿ. ಸಾಲುಮನೆಗಳ ಕೊನೆಯ ಬಾಗಿಲಲ್ಲಿ, ಒಳಗೆ ಬಾರದೆ, ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದ.

"ಬೇರೆ ಯಾರನ್ನಾದ್ರೂ ತಗೋಬಹುದಿತ್ತಪ್ಪ. ಆದ್ರೆ ನಮಗೂ ಕರುಳಿದೆ ನೋಡು. ನಿನ್ನ ಮನೆಯವರನ್ನೇ ತಗೊಂಡಿದ್ದೀವಿ. ಸೋಮವಾರದ ಹೊತ್ತಿಗೆ ರಿಗ್ಗಿನ ಭಾಗಗಳ ಹೆಸರೆಲ್ಲ ಬಾಯಿಗೆ ಬಂದಿರಬೇಕು. ನೀನೇ ಕಲಿಸಿಬಿಡು. ಮನೇಲೇ ಮೇಷ್ಟ್ರು ಖಾಲಿ ಕೂತಿರುವಾಗ ಸ್ಕೂಲ್ ಯಾಕೆ?"

ತನ್ನ ಮಾತಿಗೆ ತಾನೇ ನಕ್ಕು ಹೋದ. ಬಟ್ಟೆ ಸುತ್ತಿದ ಕೈಯ ಬಗ್ಗೆ ಕೇಳಲೂ ಇಲ್ಲ, ಅದನ್ನು ನೋಡಲೂ ಇಲ್ಲ. ಕರುಳಿದ್ದವರಿಗೆ ಕಣ್ಣೂ ಇರಬೇಕೆಂಬ ನಿಯಮವೇನಿಲ್ಲವಲ್ಲ.

ಹೀಗೆ ಅಡುಗೆಮನೆಯ ನೆಲದ ಮೇಲೆ ರಿಗ್ ಎದ್ದು ನಿಂತಿತು. ಮರದ ಸ್ಟೂಲು ಲಾರಿಯಾಯಿತು. ಗೋಡೆಗೆ ಒರಗಿಸಿದ ಪೊರಕೆ ಮಾಸ್ಟ್ ಆಯಿತು. ಲಟ್ಟಣಿಗೆ ರಾಡ್, ಕುಕ್ಕರು ಕಂಪ್ರೆಸರ್, ಇಕ್ಕಳ ಪಾನ, ಅಂದರೆ ಸ್ಪ್ಯಾನರ್.

"ಮಾಸ್ಟ್ ಅಂದ್ರೆ ಈ ಕಂಬ. ಇದರ ಮೈಮೇಲೆ ಹೆಡ್ ಹತ್ತಿ ಇಳಿಯುತ್ತೆ. ಹೆಡ್ ರಾಡನ್ನ ಕಚ್ಚಿಕೊಂಡು ತಿರುಗಿಸುತ್ತೆ. ರಾಡಿನ ತುದಿಗೆ ಹ್ಯಾಮರ್, ಹ್ಯಾಮರ್ ಬಾಯಲ್ಲಿ ಬಿಟ್. ಕಂಪ್ರೆಸರ್ ಗಾಳಿ ಊದಿದ್ರೆ ಹ್ಯಾಮರ್ ಬಡಿಯುತ್ತೆ, ಕಲ್ಲು ಪುಡಿಯಾಗಿ ಮೇಲಕ್ಕೆ ಹಾರುತ್ತೆ."

"ಒಂದು ರಾಡ್ ಪೂರ್ತಿ ಒಳಗೆ ಹೋದ ಮೇಲೆ?"

"ಅಲ್ಲೇ ನಿನ್ನ ಕೆಲಸ ಶುರು." ಅವನು ಇಕ್ಕಳವನ್ನು ಎಡಗೈಯಲ್ಲಿ ಎತ್ತಿಕೊಂಡ. "ಇದು ಕವೆ ಪಾನ. ನಿಜವಾದ್ದು ನಿನ್ನ ತೋಳಿನಷ್ಟು ಉದ್ದ. ರಾಡಿನ ಕುತ್ತಿಗೆಗೆ ಸಿಕ್ಕಿಸಿ ಕೈ ತೆಗಿಬೇಕು. ಆಗ ಹೆಡ್ ಹಿಂದಕ್ಕೆ ತಿರುಗಿ ಬಿಡಿಸಿಕೊಳ್ಳುತ್ತೆ. ಪಾನ ಸರಿಯಾಗಿ ಕೂರದಿದ್ರೆ ಕೆಳಗಿನ ರಾಡೆಲ್ಲ ಪಾತಾಳಕ್ಕೆ."

ಅವನ ತಾಯಿ ಒಲೆಯ ಮುಂದಿನಿಂದ ತಲೆ ತಿರುಗಿಸಿದಳು. "ಪಾಠ ಮುಗಿದ್ರೆ ಆ ಕುಕ್ಕರ್ ಕೊಡೋ. ಇಲ್ಲ, ಇವತ್ತು ಎಲ್ರೂ ಗಾಳಿ ಊದ್ಕೊಂಡೇ ಮಲಗೋಣ್ವಾ?"

ಹೆಂಡತಿ ನಕ್ಕಳು. ನಗುತ್ತಲೇ ಪೊರಕೆಯ ಬುಡದಿಂದ ತುದಿಯವರೆಗೆ ಬೆರಳು ಓಡಿಸುತ್ತ ಎಲ್ಲ ಹೆಸರನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ.

ಅವನಿಗೆ ಚುರುಕ್ಕೆಂದಿತು. ಇಷ್ಟನ್ನು ಕಲಿಯಲು ಅವನು ಒಂದು ಇಡೀ ಬೇಸಿಗೆ ತಲೆಗೆ ಮೊಟಕಿಸಿಕೊಂಡಿದ್ದ. ಇವಳು ಅಕ್ಕಿ ತೊಳೆದಿಡುವಷ್ಟರಲ್ಲಿ ಮುಗಿಸಿದ್ದಳು. ಕಲಿಸಿದ ಕೈಗೆ ಖುಷಿಯಾಗಬೇಕಿತ್ತು. ಆ ಕೈ ಪೂರ್ತಿ ಇದ್ದಿದ್ದರೆ ಆಗುತ್ತಿತ್ತೇನೋ.

ಸೋಮವಾರ ಸಂಜೆ ಅವಳು ಮನೆಗೆ ಬಂದಾಗ ರೆಪ್ಪೆಯ ಕೂದಲಿನವರೆಗೂ ಬೂದಿ ಬಣ್ಣದ ಕಲ್ಲುಪುಡಿ. ಕಿವಿಯೊಳಗೆ ಕಂಪ್ರೆಸರ್ ಇನ್ನೂ ಓಡುತ್ತಿತ್ತು. "ಅತ್ತೇ, ನೀರು ಕಾದಿದ್ಯಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಕಿವಿ ಹೋಗಿರೋದು ನಂದು ಕಣೇ, ನೀನ್ಯಾಕೆ ಕಿರುಚ್ತೀಯ?"

ಊಟಕ್ಕೆ ಕೂತಾಗ ಅತ್ತೆ ಇನ್ನೊಂದು ಸೌಟು ಬಡಿಸಲು ಬಂದಳು. ಹೆಂಡತಿ ಬಾಯಿ ತುಂಬ ತುತ್ತು ಇಟ್ಟುಕೊಂಡಿದ್ದವಳು, ಬಲಗೈಯ ತೋರುಬೆರಳು ನಡುಬೆರಳು ಜೋಡಿಸಿ ಎಡಗೈಯ ಮಣಿಕಟ್ಟಿನ ಮೇಲೆ ಇಟ್ಟಳು. ಸಾಕು, ನಿಲ್ಲಿಸಿ.

ಅವನು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಆ ಸನ್ನೆ ಅವನದು.

ರಿಗ್ ಓಡುವಾಗ ಮಾತು ಕೇಳುವುದಿಲ್ಲ. ಕೈಯೇ ಬಾಯಿ. ಹಳೆಯ ಕಾಲದಲ್ಲಿ ನಿಲ್ಲಿಸು ಅನ್ನಲು ಕೈ ಬೀಸುತ್ತಿದ್ದರು, ದೂಳಿನಲ್ಲಿ ಅದು ನೊಣ ಓಡಿಸಿದ ಹಾಗೆ ಕಾಣುತ್ತಿತ್ತು. ಎರಡು ಬೆರಳು ಮಣಿಕಟ್ಟಿನ ಮೇಲೆ ಇಡುವ ಸನ್ನೆ ಕಟ್ಟಿದವನು ಇವನು. ರಿಗ್ ಓಡಿಸುವ ಡ್ರಿಲ್ಲರ್ ಒಪ್ಪಿದ, ಪಕ್ಕದ ರಿಗ್ಗಿನವರೂ ಕಲಿತರು. ಈಗ ಎಲ್ಲರೂ ಅದನ್ನು ಮಾಡುತ್ತಾರೆ, ಕಟ್ಟಿದವನೊಬ್ಬನನ್ನು ಬಿಟ್ಟು. ಅವನ ಮಣಿಕಟ್ಟಿನ ಮೇಲೆ ಇಡಲು ಆ ಎರಡು ಬೆರಳೇ ಇಲ್ಲ.

"ಕೊಕ್ಕರೆ ಅಣ್ಣ ಏನಂದ್ರು ಗೊತ್ತಾ?" ಎಂದಳು ಹೆಂಡತಿ. ಕೊಕ್ಕರೆ ಅಂದರೆ ಡ್ರಿಲ್ಲರ್. ಉದ್ದ ಕತ್ತಿನ ಮನುಷ್ಯ, ಲಿವರ್ ಮುಂದೆ ಒಂದೇ ಕಾಲ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದ. "ಪಾನ ಸಿಕ್ಕಿಸೋದರಲ್ಲಿ ನಿನ್ನ ಕೈಗೆ ಒಳ್ಳೆ ಹದ ಇದೆ ತಂಗಿ ಅಂದ್ರು."

"ಮೊದಲ ದಿನ ಎಲ್ಲರಿಗೂ ಹಾಗೇ ಅಂತಾನೆ."

"ನಿಮಗೂ ಅಂದಿದ್ರಾ?"

ಅವನು ಎದ್ದು ಕೈ ತೊಳೆಯಲು ಹೋದ. ಅವನಿಗೆ ಕೊಕ್ಕರೆ ಯಾವತ್ತೂ ಹಾಗೆ ಅಂದಿರಲಿಲ್ಲ.

ಎರಡನೆಯ ವಾರ ಅವಳು ಆ ಪ್ರಶ್ನೆ ಕೇಳಿದಳು. ಒದ್ದೆ ಕೂದಲು ಒರೆಸಿಕೊಳ್ಳುತ್ತ, ಏನೋ ನೆನಪಾದವಳ ಹಾಗೆ.

"ರೀ, ರಾಡ್ ಹಾದುಹೋಗೋ ಟೇಬಲ್ ಇದೆಯಲ್ಲ, ಅದರ ಅಂಚಿನಲ್ಲಿ ಎರಡು ಬೋಲ್ಟಿನ ತೂತು ಖಾಲಿ ಇವೆ. ಅಲ್ಲೇನಿತ್ತು?"

ಹಳಬರಿಗೆ ಆ ತೂತು ಕಾಣುವುದೇ ಇಲ್ಲ. ಇರುವುದನ್ನು ಬಳಸಿ ಬಳಸಿ, ಇಲ್ಲದ್ದನ್ನು ಮರೆತವರು ಅವರು. ಇವಳು ಪ್ರತಿ ಭಾಗವನ್ನೂ ಮುಟ್ಟಿ ಹೆಸರು ಹೇಳಿ ಕಲಿಯುತ್ತಿದ್ದವಳು. ಬೆರಳು ಖಾಲಿ ತೂತಿನೊಳಗೆ ಹೋದಾಗ ಹೇಳಲು ಹೆಸರಿರಲಿಲ್ಲ.

"ಏನೂ ಇರ್ಲಿಲ್ಲ. ನೀರು ಇಳಿಯೋಕೆ ಅಂತ ಕೊರೆದಿರ್ತಾರೆ," ಎಂದ.

"ಹೌದಾ?" ಎಂದಳು. ಎದ್ದುಹೋಗಿ ಬಾಗಿಲು ಹಾಕಿ, ಅದಕ್ಕೆ ಅಗುಳಿಯಾಗಿದ್ದ ದಪ್ಪ ಕಬ್ಬಿಣದ ಪಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಕೊಕ್ಕೆಗಳ ಮೇಲೆ ಕೂರಿಸಿದಳು.

ಅದೇ ಪಟ್ಟಿ. ಟೇಬಲ್ಲಿನ ಅಂಚಿಗೆ ಇದ್ದದ್ದು ಅದೇ.

ಹೆಡ್ ತಿರುಗಿದಾಗ ಪಾನದ ಹಿಡಿ ಬೀಸಿಕೊಂಡು ಬರುತ್ತದೆ. ಅಡ್ಡಪಟ್ಟಿ ಇದ್ದರೆ ಹಿಡಿ ಅದಕ್ಕೆ ತಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಮಾಸ್ಟಿನ ಕಾಲಿಗೆ ಹೋಗಿ ಅಪ್ಪಳಿಸುತ್ತದೆ, ನಡುವೆ ಏನಿರುತ್ತದೋ ಅದು ಅರೆದುಹೋಗುತ್ತದೆ. ಇವನ ಎರಡು ಬೆರಳು ಹೋದದ್ದು ಹಾಗೇ. ಆದರೆ ಪಟ್ಟಿ ಇದ್ದರೆ ಪ್ರತಿ ಸಲವೂ ಪಾನವನ್ನು ಅದರ ಮೇಲಿಂದ ಎತ್ತಿ ದಾಟಿಸಿ ಹಾಕಬೇಕು, ಎತ್ತಿ ದಾಟಿಸಿ ತೆಗೆಯಬೇಕು. ಮೇಸ್ತ್ರಿಗೆ ಅಷ್ಟು ಹೊತ್ತು ದಂಡವಾಗಿ ಕಂಡಿತು. "ಬಿಚ್ಚಿ ಬಿಸಾಕು ಅದನ್ನ. ನಿನ್ನ ಕೈಗೆ ಯಾಕೋ ಬೇಲಿ? ನಿನ್ನ ಕೈ ಕೈಯಲ್ಲ, ಮಿಂಚು," ಎಂದ. ಅವತ್ತಿನಿಂದ ಇವನ ಹೆಸರು ಮಿಂಚು. ಇವನೇ ಬೋಲ್ಟು ಬಿಚ್ಚಿದ. ಒಳ್ಳೆ ಕಬ್ಬಿಣ, ಮನೆಗೆ ತಗೊಂಡು ಹೋಗು ಎಂದು ಮೇಸ್ತ್ರಿ ಅದನ್ನು ಬಹುಮಾನವಾಗಿ ಕೊಟ್ಟ. ಬಡವನ ಬೆರಳಿಗಿದ್ದ ಕಾವಲನ್ನು ಕಿತ್ತು ಬಡವನಿಗೇ ಉಡುಗೊರೆ ಕೊಡುವಷ್ಟು ಧಾರಾಳಿ. ಮಿಂಚು ಅದನ್ನು ಹೆಗಲ ಮೇಲೆ ಹೊತ್ತು, ಗೆದ್ದವನ ಹಾಗೆ ಬೀದಿಯಲ್ಲಿ ನಡೆದು ಬಂದಿದ್ದ.

ಈಗ ಅವನನ್ನು ಯಾರೂ ಮಿಂಚು ಅನ್ನುವುದಿಲ್ಲ.

ಸುಳ್ಳು ಯಾಕೆ ಹೇಳಿದೆ ಎಂದು ಅವನು ತನ್ನನ್ನು ಕೇಳಿಕೊಂಡ. ಉತ್ತರ ಬೇಗ ಬಂತು, ಬಂದದ್ದನ್ನು ನೋಡಿ ಅವನೇ ಹಿಂದೆ ಸರಿದ. ಪಟ್ಟಿ ಮತ್ತೆ ಹಾಕಿಸಿದರೆ ಅವಳ ಬೆರಳು ಉಳಿಯುತ್ತವೆ. ಉಳಿದರೆ ಅವಳು ಆ ಜಾಗದಲ್ಲೇ ಇರುತ್ತಾಳೆ. ವರ್ಷಗಟ್ಟಲೆ, ಹತ್ತೂ ಬೆರಳಿನ ಜೊತೆ. ತನ್ನ ತಟ್ಟೆಯಲ್ಲಿ ತುತ್ತು ಕಲಸುತ್ತ, ಎದುರಿಗೆ ಕೂತವಳ ಚುರುಕು ಬೆರಳುಗಳನ್ನು ನೋಡುತ್ತ, ಅವುಗಳಲ್ಲಿ ಎರಡು ಇಲ್ಲದಿದ್ದರೆ ಹೇಗಿರುತ್ತದೆ ಎಂದು ಅವನು ಯೋಚಿಸಿದ್ದ. ಆ ಯೋಚನೆಯಲ್ಲಿ ಒಂದು ಚಿಟಿಕೆ ತಂಪಿತ್ತು. ಹೊಟ್ಟೆಕಿಚ್ಚಿಗೆ ಹೆಂಡತಿ, ಮಕ್ಕಳು, ದೇವರು ಅಂತ ಭೇದವಿಲ್ಲ. ಹತ್ತಿಕೊಂಡರೆ ಸ್ವಂತ ಸೂರಿಗೇ ಹತ್ತಿಕೊಳ್ಳುತ್ತದೆ.

ಇನ್ನೊಂದು ಸಂಜೆ ಅವಳು ಪಟ್ಟಿಯನ್ನು ಎತ್ತಿದವಳು ಕೆಳಗಿಡಲಿಲ್ಲ. ಅದರ ಎರಡು ತುದಿಯಲ್ಲಿದ್ದ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅದನ್ನು ನೆಲಕ್ಕೆ ಇಟ್ಟು, ಹೆಬ್ಬೆರಳು ತೋರುಬೆರಳು ಅಗಲಿಸಿ, ಒಂದು ತೂತಿನಿಂದ ಇನ್ನೊಂದಕ್ಕೆ ಚೋಟು ಹಾಕುತ್ತ ಹೋದಳು.

"ರೀ, ಅಲ್ಲಿಯ ತೂತಿಗೂ ಇದಕ್ಕೂ ಅಳತೆ ಒಂದೇ."

"ಲೋಕದಲ್ಲಿ ಎಷ್ಟು ತೂತಿಲ್ಲ? ಎಲ್ಲಕ್ಕೂ ಸಂಬಂಧ ಕಟ್ಟೋಕಾಗುತ್ತಾ?"

"ಬೇಕಾದ್ರೆ ನೀವೇ ಚೋಟು ಹಾಕಿ ನೋಡಿ..." ಎಂದವಳು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು.

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಚೋಟು ಹಾಕಲು ತೋರುಬೆರಳಿರಬೇಕು.

"ಬೇಕಂತ ಹೇಳ್ಲಿಲ್ಲ ರೀ."

"ಗೊತ್ತು ಬಿಡು. ಬೆರಳಿರೋರು ಅಳೀರಿ. ಇಲ್ಲದೋರು ನಂಬ್ತೀವಿ."

ಅವಳು ಪಟ್ಟಿಯನ್ನು ಬಾಗಿಲಿಗೆ ಹಾಕಿದಳು. ಅವನನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಹಗುರಾಗುತ್ತಿದ್ದ.

ಮರುದಿನ ಅವನು ಕೊರೆಯುವ ಜಾಗಕ್ಕೆ ಹೋದ. ತಂತಿಬೇಲಿಯ ಹೊರಗೆ ಟೀ ಅಂಗಡಿ, ಅಲ್ಲೊಂದು ಮುರಿದ ಬೆಂಚು. ಲೋಟ ಹಿಡಿದು ಕೂತರೆ ಒಳಗಿನದೆಲ್ಲ ಕಾಣುತ್ತದೆ.

"ಏನಪ್ಪಾ, ಹೆಂಡ್ತಿ ದುಡೀತಿದ್ದಾಳೋ ಇಲ್ವೋ ಅಂತ ಹಾಜರಿ ತಗೋಳೋಕೆ ಬಂದ್ಯಾ?" ಎಂದ ಟೀ ಅಂಗಡಿಯವನು.

"ನಿನ್ನ ಟೀಗಿಂತ ದೂಳು ರುಚಿ ಅಂತ ಬಂದೆ."

ಒಂದು ರಾಡ್ ಪೂರ್ತಿ ಇಳಿಯಿತು. ಹೆಡ್ ನಿಂತಿತು. ಈಗ ಪಾನ ಹಾಕಬೇಕು. ಅವನ ಬಲತೋಳು ಬೆಂಚಿನ ಮೇಲೆ ತಾನಾಗಿ ಬಿಗಿಯಾಯಿತು. ಆದರೆ ಅವಳು ಹಾಕಲಿಲ್ಲ. ಪಾನ ಹಿಡಿದು ಕೊಕ್ಕರೆಯ ಮುಖ ನೋಡುತ್ತ ನಿಂತಳು. ಕೊಕ್ಕರೆ ಲಿವರ್‌ಗಳಿಂದ ಎರಡೂ ಕೈ ತೆಗೆದು ಅಂಗೈಗಳನ್ನು ಅವಳ ಕಡೆ ಎತ್ತಿ ತೋರಿಸಿದ. ಶರಣಾದವನ ಹಾಗೆ. ಆಗ ಅವಳು ಬಗ್ಗಿ ಪಾನ ಸಿಕ್ಕಿಸಿದಳು, ಕೈ ಹಿಂದೆಗೆದು ಎರಡು ಹೆಜ್ಜೆ ಸರಿದು ತಲೆಯಾಡಿಸಿದಳು. ಆಮೇಲಷ್ಟೇ ಅವನ ಕೈ ಲಿವರ್‌ಗೆ ಹೋಯಿತು.

ಪ್ರತಿ ರಾಡಿಗೂ ಹೀಗೇ. ಹೊಸ ಸನ್ನೆ. ಅವಳು ಕಟ್ಟಿದ ಸನ್ನೆ.

ಇಷ್ಟು ವರ್ಷದಲ್ಲಿ ಆ ಕೊಕ್ಕರೆ ಇವನಿಗೆ ಒಂದು ಸಲವೂ ಅಂಗೈ ತೋರಿಸಿರಲಿಲ್ಲ. ಇವನು ಕೇಳಿರಲೂ ಇಲ್ಲ. ಮಿಂಚು ಯಾರ ಅಪ್ಪಣೆಗೂ ಕಾಯುವುದಿಲ್ಲವಲ್ಲ. ಕೇಳಿದ್ದರೆ ತೋರಿಸುತ್ತಿದ್ದನೇ? ಟೀ ತಣ್ಣಗಾಗಿ ಕೆನೆ ಕಟ್ಟಿತು. ಹೆಂಡತಿ ಬೇರೆ ಗಂಡಸಿನ ಜೊತೆ ನಗುತ್ತ ನಿಂತಿದ್ದರೂ ಇಷ್ಟು ಉರಿಯುತ್ತಿರಲಿಲ್ಲ ಎಂದುಕೊಂಡ. ನಗುವೇ ಇರಲಿಲ್ಲ ಅಲ್ಲಿ. ಅದಕ್ಕಿಂತ ದೊಡ್ಡದೊಂದಿತ್ತು: ಅವಳು ಕೇಳಿದ್ದಳು, ಕೊಕ್ಕರೆ ಕೊಟ್ಟಿದ್ದ.

ಟೀ ಅಂಗಡಿಯವನು ಲೋಟ ತೆಗೆದುಕೊಳ್ಳುತ್ತ ಹೇಳಿದ, "ಅವಳನ್ನ ಅಂಗೈ ಅಕ್ಕ ಅಂತಾರೆ ಈಗ. ಮೇಸ್ತ್ರಿಗೆ ಮಾತ್ರ ಮೈಯೆಲ್ಲ ಮೆಣಸಿನಕಾಯಿ. ಕೆಲಸ ನಿಧಾನ ಅಂತೆ."

ಅದು ನಿಜವೆಂದು ಆ ಸಂಜೆಯೇ ತಿಳಿಯಿತು. ಅವಳು ಇನ್ನೂ ಬಂದಿರಲಿಲ್ಲ. ಮೇಸ್ತ್ರಿ ಈ ಸಲ ಒಳಗೇ ಬಂದ, ಸ್ಟೂಲಿನ ಮೇಲೆ ಕೂತ. ಆ ಸ್ಟೂಲು ಒಂದು ಕಾಲಕ್ಕೆ ರಿಗ್ಗಿನ ಲಾರಿಯಾಗಿತ್ತೆಂದು ಅವನಿಗೇನು ಗೊತ್ತು.

"ಏನು ಮಿಂಚು, ಆರಾಮಾ?"

ಎಷ್ಟು ದಿನವಾಗಿತ್ತು ಆ ಹೆಸರು ಕೇಳಿ! ಬೇಡವೆಂದರೂ ಎದೆ ಒಂದಿಂಚು ಉಬ್ಬಿತು. ಬಾಯಿಗೆ ಸಕ್ಕರೆ ಹಾಕಿದವರ ಕೈಯನ್ನು ಹಲ್ಲು ಕೂಡಲೇ ಕಚ್ಚುವುದಿಲ್ಲ.

"ನಿನ್ನ ಮನೆಯವರು ಅಂಗೈ ಶಾಸ್ತ್ರ ನೋಡ್ಕೊಂಡು ನಿಂತಿರ್ತಾರೆ ಕಣಪ್ಪ. ಇವರನ್ನ ನೋಡಿ ಪಕ್ಕದ ರಿಗ್ಗಿನವರೂ ಅಂಗೈ ಕೇಳ್ತಿದ್ದಾರೆ. ಅಲ್ಲೇನೋ ತೂತಿದೆಯಂತೆ, ಅದಕ್ಕೇನೋ ಬೇಕಂತೆ. ನಾಳೆ ನೀನು ಬಾ. ಎಲ್ಲರ ಮುಂದೆ ಒಂದು ರಾಡಿಗೆ ಪಾನ ಹಾಕಿ ತೋರಿಸು, ಹಿಂದೆ ಹಾಕ್ತಿದ್ದೆಯಲ್ಲ ಹಾಗೆ. ಮೂರು ಬೆರಳಲ್ಲೂ ಮಿಂಚು ಮಿಂಚೇ ಅಂತ ಬಾಯಿ ಮುಚ್ಚಿಕೊಳ್ಳಲಿ. ಆ ಜಾಗ ನಿನಗೇ ವಾಪಸ್."

"ಅವಳು?"

"ಪಕ್ಕದ ರಿಗ್ಗಿಗೆ ಹಾಕ್ತೀನಿ. ನೀನು ತೋರಿಸಿದ ವೇಗದಲ್ಲಿ ಅವರೂ ಮಾಡ್ಲಿ. ಇಬ್ಬರ ದುಡಿಮೆ ಒಂದೇ ಮನೆಗೆ. ಇನ್ನೇನು ಬೇಕು?"

ಒಳಗಿನಿಂದ ತಾಯಿ ಕೂಗಿದಳು, "ಯಾರೋ ಅದು? ಬೆರಳು ತಗೊಂಡು ಹೋದೋನಾ? ವಾಪಸ್ ಕೊಡೋಕೆ ಬಂದಿದ್ದಾನಾ?"

ಮೇಸ್ತ್ರಿ ಕೆಮ್ಮಿ ಎದ್ದ.

ಅವನು ಹೆಂಡತಿಗೆ ಹೇಳಲಿಲ್ಲ. ಬೆಳಗ್ಗೆ ಅವಳ ಹಿಂದೆಯೇ ಹೊರಟಾಗ ಅವಳು ಹೊಸ್ತಿಲಲ್ಲಿ ತಿರುಗಿ ನೋಡಿದಳು, ಅವನ ಕೈಯಲ್ಲಿದ್ದ ಹಳೆಯ ಕೈಗವಸುಗಳನ್ನು ನೋಡಿದಳು, ಎಲ್ಲ ಅರ್ಥವಾದವಳ ಹಾಗೆ ಮುಂದೆ ನಡೆದಳು. ದಾರಿಯುದ್ದಕ್ಕೂ ಇಬ್ಬರ ನಡುವೆ ಒಂದು ಮಾರು ದೂರವಿತ್ತು.

ರಿಗ್ಗಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಡೀಸೆಲ್ ವಾಸನೆ ಮೂಗಿಗೆ ಹೊಡೆಯಿತು, ಅವನಿಗೆ ತವರಿಗೆ ಬಂದ ಹಾಗಾಯಿತು. ಎರಡೂ ರಿಗ್ಗಿನವರು ಸುತ್ತ ನೆರೆದಿದ್ದರು. "ಮಿಂಚಣ್ಣ ಬಂದ ನೋಡ್ರೋ!" ಎಂದು ಯಾರೋ ಕೂಗಿದರು. ಅವನು ಕೈಗವಸು ಏರಿಸಿದ. ಬಲಗೈಯದರಲ್ಲಿ ಎರಡು ಬೆರಳು ಟೊಳ್ಳಾಗಿ ಜೋತವು.

ಅವಳು ಪಾನವನ್ನು ಅವನಿಗೆ ಕೊಟ್ಟು ಪಕ್ಕಕ್ಕೆ ನಿಂತಳು. ಅವಳ ಜಾಗದಲ್ಲಿ ಅವನು, ತನ್ನದೇ ಹಳೆಯ ಜಾಗದಲ್ಲಿ ಅವನು. ಕಂಪ್ರೆಸರ್ ಗರ್ಜಿಸಿತು. ರಾಡ್ ಇಳಿಯತೊಡಗಿತು, ಕಾಲಡಿಯ ಕಬ್ಬಿಣ ನಡುಗಿತು, ಆ ನಡುಕ ಮೊಣಕಾಲಿನಿಂದ ಎದೆಗೆ ಏರಿತು. ಕಳೆದುಹೋಗಿದ್ದೆಲ್ಲ ಸಿಕ್ಕಿದೆ ಎನ್ನಿಸಿತು. ಕೊಕ್ಕರೆ ಲಿವರ್ ಹಿಡಿದು ನಿಂತಿದ್ದ, ಅಂಗೈ ತೋರಿಸಲಿಲ್ಲ. ಇವನಿಗೆ ತೋರಿಸುವ ರೂಢಿ ಅವನಿಗಿರಲಿಲ್ಲ.

ಹೆಡ್ ನಿಂತಿತು. ಮೇಸ್ತ್ರಿ ಕೈ ಬೀಸಿದ: ಹಾಕು.

ಅವನು ಬಗ್ಗಿದ. ತೋಳಿಗೆ ದಾರಿ ಗೊತ್ತಿತ್ತು. ಕಣ್ಣಂಚಿಗೆ ಹೆಂಡತಿ ಕಂಡಳು. ಎಲ್ಲರೂ ಅವನ ಮುಖ ನೋಡುತ್ತಿದ್ದರೆ ಅವಳು ಮಾತ್ರ ಅವನ ಕೈಯನ್ನು ನೋಡುತ್ತಿದ್ದಳು. ಯಾವ ಕೋನದಲ್ಲಿ ಹಿಡಿದಿದ್ದಾನೆ, ಎಷ್ಟು ಹೊತ್ತಿಗೆ ಬಿಡುತ್ತಾನೆ. ಕಲಿಯುತ್ತಿದ್ದಳು. ಅಡುಗೆಮನೆಯ ನೆಲದ ಮೇಲೆ ಕಲಿತ ಹಾಗೆ, ಒಂದೂ ತಪ್ಪದ ಹಾಗೆ. ಅವಳ ಬಲಗೈ ಗಾಳಿಯಲ್ಲಿ ಅವನ ಕೈಯನ್ನು ಅನುಸರಿಸಿ ಸಣ್ಣಗೆ ಅಲುಗುತ್ತಿತ್ತು. ಅವನು ಇವತ್ತು ಏನು ತೋರಿಸುತ್ತಾನೋ ಅದನ್ನು ಆ ಐದು ಬೆರಳು ನಾಳೆ ಮಾಡುತ್ತವೆ.

ಎದುರಿಗೇ ಎರಡು ಖಾಲಿ ತೂತು ಅವನನ್ನು ಪಿಳಿಪಿಳಿ ನೋಡಿದವು.

ಅವನು ನೆಟ್ಟಗೆ ನಿಂತ. ಪಾನವನ್ನು ಎಡಗೈಗೆ ದಾಟಿಸಿದ. ಬಲಗೈಗವಸಿನ ಟೊಳ್ಳು ಬೆರಳೆರಡನ್ನೂ ಎಡಗೈಯ ಮಣಿಕಟ್ಟಿನ ಮೇಲೆ ಇಟ್ಟ. ಅವು ಬಟ್ಟೆಯ ಹಾಗೆ ಮಡಚಿಕೊಂಡವು. ಆದರೂ ಕೊಕ್ಕರೆಗೆ ಅರ್ಥವಾಯಿತು. ಲಿವರ್ ಬಿಟ್ಟ, ಎರಡೂ ಅಂಗೈ ಎತ್ತಿದ. ಮೊದಲ ಸಲ, ಇವನ ಕಡೆ ತಿರುಗಿಸಿ. ಆಮೇಲೆ ಒಂದು ಕೈ ಇಳಿಸಿ ಕಂಪ್ರೆಸರ್ ಆರಿಸಿದ.

ಅಷ್ಟು ಗದ್ದಲದ ಮೇಲೆ ಬಂದ ನಿಶ್ಶಬ್ದದಲ್ಲಿ ಮೇಸ್ತ್ರಿಯ ದನಿ ಬೋಳಾಗಿ ಕೇಳಿಸಿತು. "ಯಾಕೋ ನಿಲ್ಲಿಸ್ದೆ? ಹಾಕೋ ಪಾನ!"

"ಇಲ್ಲೊಂದು ಅಡ್ಡಪಟ್ಟಿ ಇತ್ತು," ಎಂದ ಅವನು, ತೂತುಗಳ ಮೇಲೆ ಕಾಲಿನಿಂದ ತಟ್ಟುತ್ತ, ಎಲ್ಲರಿಗೂ ಕೇಳುವ ಹಾಗೆ. "ನೀನು ಬಿಚ್ಚಿಸಿದೆ, ನಾನು ಬಿಚ್ಚಿದೆ. ಈಗ ನಮ್ಮನೆ ಬಾಗಿಲಿಗಿದೆ. ಅದು ಬಂದು ಇಲ್ಲಿ ಕೂರೋವರೆಗೂ ನಾನು ಹಾಕಲ್ಲ. ಇವಳೂ ಹಾಕಲ್ಲ."

"ನನ್ನ ಮಾತು ನಾನು ಹೇಳ್ತೀನಿ ರೀ," ಎಂದಳು ಹೆಂಡತಿ. ಮೇಸ್ತ್ರಿಯ ಕಡೆ ತಿರುಗಿದಳು. "ನಾನೂ ಹಾಕಲ್ಲ."

ಯಾರೋ ನಕ್ಕರು. ಅವನಿಗೆ ಅಲ್ಲೂ ಚುರುಕ್ಕೆಂದಿತು. ಅವಳ ಮಾತು ತನ್ನದಕ್ಕಿಂತ ಚಿಕ್ಕದಾಗಿ, ಚೊಕ್ಕವಾಗಿ ಬಂದಿತ್ತು. ಅವಳ ಕೈ ನೋಡಿದ. ಹತ್ತೂ ಇದ್ದವು. ಕಿಚ್ಚು ಆರಿರಲಿಲ್ಲ, ಬೂದಿಯೊಳಗೆ ಇನ್ನೂ ಕೆಂಪಾಗಿತ್ತು. ಇರಲಿ, ಹತ್ತೂ ಇರಲಿ.

"ಯೋಚನೆ ಮಾಡು," ಮೇಸ್ತ್ರಿ ದನಿ ತಗ್ಗಿಸಿದ. "ಜಾಗವೂ ಹೋಗುತ್ತೆ, ಮನೆಯೂ ಹೋಗುತ್ತೆ. ಒಂದು ರಾಡು ಅಷ್ಟೇ. ಹಾಕು ಮಿಂಚು."

ಅವನು ಪಾನವನ್ನು ಟೇಬಲ್ಲಿನ ಮೇಲೆ, ಖಾಲಿ ತೂತುಗಳ ಪಕ್ಕದಲ್ಲಿ ಮಲಗಿಸಿದ. ಹಲ್ಲಿನಲ್ಲಿ ಕಚ್ಚಿ ಕೈಗವಸು ಎಳೆದ.

"ಹಾಕಲ್ಲ."